ಚೇಲೆಯ ಕೆಂಪಿಗಾಗಿ ಕೊಂಡ ಮಾನಿಟರ್: ಮೂರು ಮಳೆಗಾಲದ ನಂತರ

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದು ಮದುವೆ ಫೋಟೊ ಕೆಲಸ. ಕೊಡವ ಮದುಮಗನ ಬಿಳಿ ಕುಪ್ಯದ (ನಿಲುವಂಗಿಯ) ಮೇಲೆ ಸೊಂಟಕ್ಕೆ ಬಿಗಿದ ಚೇಲೆಯ (ರೇಷ್ಮೆ ನಡುಪಟ್ಟಿಯ) ಕೆಂಪು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನನ್ನ ಹಳೆಯ ಮಾನಿಟರಿನಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ಕಾಣುತ್ತಿತ್ತು. ಬಣ್ಣ ಸಾಲದೆಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿ ಲ್ಯಾಬಿಗೆ ಕಳಿಸಿದೆ. ಆಲ್ಬಂ ಬಂದಾಗ ಜರಿಯೂ ಇಲ್ಲ, ನೆರಿಗೆಯೂ ಇಲ್ಲ, ಬರೀ ಕೆಂಪು ಮುದ್ದೆ. ಮದುಮಗನ ಅವ್ವ ಚಿತ್ರದ ಮೇಲೆ ಬೆರಳಿಟ್ಟು, "ಇದು ನಮ್ಮ ಮನೆಯ ಚೇಲೆ ಅಲ್ಲ ಮಗ" ಎಂದರು. ಆ ಪುಟಗಳನ್ನೆಲ್ಲ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಸಿಕೊಟ್ಟೆ.

ಆ ಮಾನಿಟರಿನ ಪೆಟ್ಟಿಗೆಯ ಮೇಲೆ 1.67 ಕೋಟಿ ಬಣ್ಣ ಎಂದು ದೊಡ್ಡದಾಗಿ ಬರೆದಿತ್ತು. ಅದು ಮೆಟ್ಟಿಲುಗಳ ಲೆಕ್ಕ ಅಷ್ಟೆ. ಮೆಟ್ಟಿಲು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನು ಹೇಳುವುದು ಗ್ಯಾಮಟ್, ಅಂದರೆ ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ. ಅದು ಒಳಗಿನ ಹಾಳೆಯಲ್ಲಿ ಸಣ್ಣಕ್ಷರದಲ್ಲಿತ್ತು: 45% ಎನ್‌ಟಿಎಸ್‌ಸಿ. ಎನ್‌ಟಿಎಸ್‌ಸಿ ಅಂದರೆ 1953ರ ಅಮೆರಿಕದ ಕಲರ್ ಟಿವಿಯ ಅಳತೆ. ಅದರಲ್ಲಿ 72% ಇದ್ದರೆ ಹೆಚ್ಚುಕಡಿಮೆ ಎಸ್‌ಆರ್‌ಜಿಬಿಯಷ್ಟು, ಅಂದರೆ ಮಾಮೂಲಿ ಪರದೆ, ವೆಬ್ ಚಿತ್ರಗಳ ಅಳತೆಯಷ್ಟು, ವಿಸ್ತಾರ. 45% ಅಂದರೆ ಎಸ್‌ಆರ್‌ಜಿಬಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೈಗೆ ಸಿಗುವುದೇ ಇಲ್ಲ.

ಆಮೇಲೆ ಕೊಂಡದ್ದೇ ಈ 27 ಇಂಚಿನದು: ಪೂರ್ತಿ ಎಸ್‌ಆರ್‌ಜಿಬಿ, ಜೊತೆಗೆ ಕೆಂಪು ಇನ್ನೂ ಮುಂದೆ ಹೋಗುವ ಸಿನಿಮಾ ಅಳತೆ ಡಿಸಿಐ-ಪಿ3ಯ 95%. ಅಂಗಡಿಯವರು ಅಡೋಬ್ ಆರ್‌ಜಿಬಿ ಎಂಬ ಇನ್ನೊಂದು ಅಗಲದ ಅಳತೆ ಇರುವ ಇನ್ನೂ ದುಬಾರಿಯದನ್ನು ತೋರಿಸಿದ್ದರು. ಆದರೆ ಅಡೋಬ್ ಆರ್‌ಜಿಬಿಯ ಕೆಂಪಿನ ತುದಿ ಎಸ್‌ಆರ್‌ಜಿಬಿಯದ್ದೇ. ಹಿಗ್ಗುವುದು ಹಸಿರಿನ ಕಡೆ. ಕಾಫಿ ತೋಟ, ಗದ್ದೆ ತೆಗೆದು ಸ್ವಂತ ಪ್ರಿಂಟರಿನಲ್ಲಿ ಅಚ್ಚು ಹಾಕುವವರಿಗೆ ಅದು ಬೇಕು. ನನಗೆ ಬೇಕಾದದ್ದು ಕೆಂಪು.

ಮೊದಲ ವಾರ ಇದೂ ಕೈಕೊಟ್ಟಿತು. ಎಸ್‌ಆರ್‌ಜಿಬಿ ಚಿತ್ರವನ್ನು ಪರದೆ ತನ್ನ ಪೂರ್ತಿ ಬಣ್ಣದ ವಿಸ್ತಾರಕ್ಕೆ ಎಳೆದು ತೋರಿಸುತ್ತಿತ್ತು. ಎಲ್ಲರ ಮುಖವೂ ಬಿಸಿಲಿಗೆ ಬೆಂದಂತೆ. ನಾನು ಕೆಂಪು ಇಳಿಸಿದೆ, ಮಾದರಿ ಪ್ರಿಂಟಿನಲ್ಲಿ ಚೇಲೆ ಒಗೆದು ಮಾಸಿದ ಬಟ್ಟೆಯಂತೆ ಬಂತು. ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿದ ಮೇಲೆ ಪರದೆಯೂ ಪ್ರಿಂಟೂ ಒಂದಕ್ಕೊಂದು ಹೊಂದಿದವು. ನನ್ನ ಲ್ಯಾಬ್ ತೆಗೆದುಕೊಳ್ಳುವುದೂ ಎಸ್‌ಆರ್‌ಜಿಬಿ ಫೈಲನ್ನೇ. ಪಿ3 ನನಗೆ ಬೇಕಾಗುವುದು ಮದುವೆ ವಿಡಿಯೊಗೆ ಮಾತ್ರ.

ಒಂದು ದೂರು ಇದೆ. ಆ ಮೋಡಿನಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಜುಲೈನಲ್ಲಿ ಮಧ್ಯಾಹ್ನವೇ ಕತ್ತಲೆ ಕವಿದ ಕೋಣೆಯಲ್ಲಿ ಪರದೆ ಕಣ್ಣಿಗೆ ಹೊಡೆಯುತ್ತದೆ, ಅದನ್ನು ನೋಡಿ ಚಿತ್ರದ ಬೆಳಕು ಇಳಿಸಿದರೆ ಪ್ರಿಂಟು ಕಪ್ಪಾಗಿ ಬರುತ್ತದೆ. ಪರದೆಯ ಹಿಂದೆ ಒಂದು ದೀಪ ಹಚ್ಚಿಟ್ಟು ಕೆಲಸ ಮಾಡುತ್ತೇನೆ. ಮೂರು ಮಳೆಗಾಲ ಕಳೆದರೂ ಪರದೆಯೊಳಗೆ ಬೂಷ್ಟು ಬಂದಿಲ್ಲ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಕಿತ್ತಿಡುತ್ತೇನೆ. ನೀವು ಕೊಳ್ಳುವ ಮುಂಚೆ ಎಸ್‌ಆರ್‌ಜಿಬಿ ಮೋಡ್ ಹಾಕಿಸಿ, ಬ್ರೈಟ್‌ನೆಸ್ ಇಳಿಯುತ್ತದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ.