ಲೋಹ–ಲವಣ ಪ್ರಯೋಗ ಪೆಟ್ಟಿಗೆ: ಸರಣಿ ಸರಿಯಿದೆ, ವಿವರಣೆ ಸಾಲದು

ಯಾವ ಲೋಹವು ಯಾವ ಲವಣದೊಡನೆ ವರ್ತಿಸುತ್ತದೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಊಹಿಸಲು ಪ್ರೌಢಶಾಲೆಯ ಮಕ್ಕಳಿಗೆ ಕಲಿಸುವುದು ಈ ಪೆಟ್ಟಿಗೆಯ ಉದ್ದೇಶ. ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ ಮತ್ತು ತಾಮ್ರದ ತುಂಡುಗಳು, ಕೆಲವು ಲವಣಗಳು, ಪ್ರನಾಳಗಳು ಹಾಗೂ ಕ್ರಿಯಾಶೀಲತೆಯ ಸರಣಿಯನ್ನು (ಹೆಚ್ಚು ಚುರುಕಾಗಿ ವರ್ತಿಸುವ ಲೋಹ ಮೇಲೆ ಬರುವಂತೆ ಜೋಡಿಸಿದ ಪಟ್ಟಿಯನ್ನು) ಮುದ್ರಿಸಿದ ಒಂದು ದೊಡ್ಡ ಹಾಳೆ ಇದರಲ್ಲಿವೆ. ಸಾಮಗ್ರಿಯ ಗುಣಮಟ್ಟದಲ್ಲಿ ದೂರಲು ಏನೂ ಇಲ್ಲ.

ಸರಣಿಯಲ್ಲಿ ಮೇಲಿರುವ ಲೋಹವು ಕೆಳಗಿರುವ ಲೋಹವನ್ನು ಅದರ ಲವಣದ ದ್ರಾವಣದಿಂದ ಹೊರದೂಡುತ್ತದೆ ಎಂಬ ನಿಯಮವನ್ನು ಕೈಪಿಡಿ ಸೊಗಸಾಗಿ ತೋರಿಸಿಕೊಡುತ್ತದೆ. ಸತುವನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಟ್ಟಾಗ ನೀಲಿ ಬಣ್ಣ ಮಸುಕಾಗುತ್ತ ಸತುವಿನ ಮೇಲೆ ಕಂದುಗೆಂಪು ತಾಮ್ರ ಕೂಡುವುದನ್ನೂ, ಬೆಳ್ಳಿಯ ನೈಟ್ರೇಟ್‌ನಲ್ಲಿ ತಾಮ್ರದ ತಂತಿಯ ಸುತ್ತ ಬೆಳ್ಳಿಯ ಹೊಳೆಯುವ ಸೂಜಿಗಳು ಬೆಳೆಯುವುದನ್ನೂ ಕಂಡವರಿಗೆ ಸ್ಥಾನಪಲ್ಲಟ ಕ್ರಿಯೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ತೊಡಕು ಆರಂಭವಾಗುವುದು ಅಲ್ಯೂಮಿನಿಯಂನಿಂದ. ಅದು ಸತುವಿಗಿಂತ ಮೇಲಿದ್ದರೂ ತಾಮ್ರದ ಸಲ್ಫೇಟ್‌ನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತದೆ, ಏಕೆಂದರೆ ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪದರ ದ್ರಾವಣವನ್ನು ಲೋಹಕ್ಕೆ ತಾಗಗೊಡುವುದಿಲ್ಲ. ಅದೇ ಪ್ರನಾಳಕ್ಕೆ ಸ್ವಲ್ಪ ಅಡುಗೆ ಉಪ್ಪು ಸೇರಿಸಿದರೆ ಕ್ಲೋರೈಡ್ ಅಯಾನುಗಳು (ಆವೇಶ ಹೊತ್ತ ಕಣಗಳು) ಆ ಪದರವನ್ನು ಭೇದಿಸಿ, ದ್ರಾವಣ ಬಿಸಿಯೇರುವಷ್ಟು ಬಿರುಸಾಗಿ ಕ್ರಿಯೆ ನಡೆಯುತ್ತದೆ. ಕ್ರಿಯೆ ನಡೆಯಬಲ್ಲದೇ ಎಂಬ ಪ್ರಶ್ನೆಯೂ ಎಷ್ಟು ಬೇಗ ನಡೆಯುತ್ತದೆ ಎಂಬ ಪ್ರಶ್ನೆಯೂ ಬೇರೆಬೇರೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ಕೈಪಿಡಿ ಮಾತ್ರ "ಲೋಹವನ್ನು ಚೆನ್ನಾಗಿ ಉಜ್ಜಿರಿ" ಎಂದು ಹೇಳಿ ಮುಂದೆ ಸಾಗುತ್ತದೆ.

ಇದಕ್ಕಿಂತ ಗಂಭೀರವಾದ ಲೋಪ ಕಬ್ಬಿಣದ ಲವಣಗಳ ವಿಷಯದಲ್ಲಿದೆ. ತಾಮ್ರವು ಕಬ್ಬಿಣದ ಲವಣಗಳೊಡನೆ ವರ್ತಿಸದು ಎಂದು ಹಾಳೆ ಒಂದೇ ಸಾಲಿನಲ್ಲಿ ತೀರ್ಪು ಕೊಡುತ್ತದೆ. ಕಬ್ಬಿಣಕ್ಕೆ ಎರಡು ಧನಾವೇಶವಿರುವ ಫೆರಸ್ ಸಲ್ಫೇಟ್‌ನ ಮಟ್ಟಿಗೆ ಅದು ನಿಜ. ಆದರೆ ಪೆಟ್ಟಿಗೆಯಲ್ಲೇ ಇರುವ, ಕಬ್ಬಿಣಕ್ಕೆ ಮೂರು ಧನಾವೇಶವಿರುವ ಫೆರಿಕ್ ಕ್ಲೋರೈಡ್‌ನಲ್ಲಿ ತಾಮ್ರ ಕರಗಿಹೋಗುತ್ತದೆ, ಮತ್ತು ವಿದ್ಯುನ್ಮಂಡಲದ ಹಲಗೆಗಳಿಂದ ಬೇಡದ ತಾಮ್ರವನ್ನು ತೆಗೆಯಲು ಬಳಸುವುದು ಇದೇ ಕ್ರಿಯೆಯನ್ನು. ಇಲ್ಲಿ ಕಬ್ಬಿಣ ಲೋಹವಾಗಿ ಹೊರಬರುವುದಿಲ್ಲ, ಮೂರು ಧನಾವೇಶದ ಅಯಾನು ಎರಡು ಧನಾವೇಶಕ್ಕೆ ಇಳಿಯುತ್ತದೆ, ಅಷ್ಟೆ. ಪ್ರಮಾಣಿತ ವಿಭವಗಳನ್ನು, ಅಂದರೆ ಅಯಾನು ಎಲೆಕ್ಟ್ರಾನುಗಳನ್ನು ಸೆಳೆಯುವ ಒಲವಿನ ಅಳತೆಗಳನ್ನು (ಅಂಕಿ ಹೆಚ್ಚಿದಷ್ಟೂ ಒಲವು ಹೆಚ್ಚು), ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಫೆರಸ್ ಅಯಾನು ಲೋಹವಾಗುವುದಕ್ಕೆ -0.44 ವೋಲ್ಟ್, ತಾಮ್ರದ ಅಯಾನು ಲೋಹವಾಗುವುದಕ್ಕೆ +0.34, ಫೆರಿಕ್ ಅಯಾನು ಫೆರಸ್ ಆಗುವುದಕ್ಕೆ +0.77. ತಾಮ್ರದ ಸ್ಥಾನ ಕಬ್ಬಿಣದ ಈ ಎರಡು ಅಂಕಿಗಳ ನಡುವೆ ಇರುವುದರಿಂದ ಕಬ್ಬಿಣದ ಒಂದು ಲವಣಕ್ಕೆ ಅದು ಮಣಿಯುತ್ತದೆ, ಇನ್ನೊಂದಕ್ಕೆ ಮಣಿಯುವುದಿಲ್ಲ. ಹೆಸರುಗಳ ಪಕ್ಕದಲ್ಲಿ ಈ ಅಂಕಿಗಳನ್ನೂ ಅಯಾನಿನ ಆವೇಶವನ್ನೂ ಮುದ್ರಿಸಲು ಹಾಳೆಯಲ್ಲಿ ಬೇಕಾದಷ್ಟು ಜಾಗವಿತ್ತು. ಆ ಜಾಗವನ್ನು ಅಲಂಕಾರದ ಚಿತ್ರಗಳು ನುಂಗಿವೆ.

ಪಕ್ಕದಲ್ಲಿ ಶಿಕ್ಷಕರಿದ್ದರೆ ಈ ಪೆಟ್ಟಿಗೆಯನ್ನು ಧಾರಾಳವಾಗಿ ಕೊಳ್ಳಬಹುದು, ಮಕ್ಕಳು ತಾವಾಗಿಯೇ ಕಲಿಯಲೆಂದು ಕೊಡುವುದಾದರೆ ನಾನು ಶಿಫಾರಸು ಮಾಡಲಾರೆ. ಬೆಳ್ಳಿಯ ನೈಟ್ರೇಟ್ ಚರ್ಮಕ್ಕೆ ತಗುಲಿದರೆ ಕಪ್ಪು ಕಲೆ ಉಳಿಯುತ್ತದೆಯಾದರೂ ಪೆಟ್ಟಿಗೆಯಲ್ಲಿ ಕೈಗವಸುಗಳಿಲ್ಲ. ತಾಮ್ರದ ಲವಣಗಳು ಜಲಚರಗಳಿಗೆ ವಿಷವಾಗಿರುವಾಗ, ಬಳಸಿ ಉಳಿದ ದ್ರಾವಣವನ್ನು ಏನು ಮಾಡಬೇಕೆಂದು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ.