ಮಂಡಿಪೇಟೆಯಲ್ಲಿ ತಂದ ಅಡುಗೆಮನೆ ತಕ್ಕಡಿ: ಆರು ತಿಂಗಳು ಬಳಸಿದ ಮೇಲೆ

ದಾವಣಗೆರೆ ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ಈ ಡಿಜಿಟಲ್ ತಕ್ಕಡಿ ತಂದೆ. 5 ಕಿಲೋವರೆಗೆ ತೂಗುತ್ತದೆ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಕಾರಣ ಮಗಳ ಹುಟ್ಟುಹಬ್ಬದ ಕೇಕ್. ರೆಸಿಪಿಯಲ್ಲಿ ಎರಡು ಕಪ್ ಮೈದಾ ಅಂತ ಇತ್ತು, ನಾನು ಕಪ್ಪನ್ನು ಡಬ್ಬಕ್ಕೇ ಅದ್ದಿ, ತಟ್ಟಿ ತಟ್ಟಿ ತುಂಬಿ ಹಾಕಿದೆ. ಕೇಕ್ ಒಣಗಿ ಬಿರುಕು ಬಿಟ್ಟಿತು. ಮಗಳು ಏನೂ ಅನ್ನಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು.

ತಕ್ಕಡಿ ಬಂದ ಮೇಲೆ ಅದೇ ಕಪ್ಪಿನಲ್ಲಿ ತೂಗಿ ನೋಡಿದೆ. ಚಮಚದಲ್ಲಿ ಹಗುರವಾಗಿ ತುಂಬಿ ಮೇಲೆ ಸವರಿದರೆ 122 ಗ್ರಾಂ. ಅದ್ದಿ ತಟ್ಟಿದರೆ 153. ಎರಡು ಕಪ್ಪಿಗೆ ಅರವತ್ತು ಗ್ರಾಂ ಮೈದಾ ಜಾಸ್ತಿ ಹೋಗಿತ್ತು ಅಂದ್ರೆ ಕೇಕ್ ಇನ್ನು ಹೇಗೆ ಬರಬೇಕು? ಅದೂ ಅಲ್ಲದೆ ಕಪ್ ಅನ್ನೋದೇ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದವರದ್ದು ಸುಮಾರು 240 ಮಿಲಿ, ಆಸ್ಟ್ರೇಲಿಯಾದವರದ್ದು 250, ರೈಸ್ ಕುಕ್ಕರ್ ಜೊತೆ ಬರುವ ಕಪ್ 180.

ತಕ್ಕಡಿ ಸರಿ ಇದೆಯಾ ಅಂತ ಮೊದಲ ದಿನವೇ ಪಕ್ಕದ ಕಿರಾಣಿ ಅಂಗಡಿಯವರಿಂದ ಮುದ್ರೆ ಹಾಕಿದ ಅರ್ಧ ಕಿಲೋ ಕಲ್ಲು ಇಸ್ಕೊಂಡು ಬಂದು ಇಟ್ಟಿದ್ದೆ. ಮೂರು ಸಲವೂ 500 ತೋರಿಸಿತು. ನೀವು ಕೊಂಡರೂ ಹೀಗೇ ಮಾಡಿ.

ಆಮೇಲೆ ಅಮ್ಮನ ಹಿತ್ತಾಳೆ ಪಾವು ಇಟ್ಟೆ. ಅದಕ್ಕೆ ನೀರು 230 ಗ್ರಾಂ ಹಿಡಿಯಿತು, ದೋಸೆ ಅಕ್ಕಿ 196, ಮಂಡಕ್ಕಿ ಬರೀ 18! ಒಂದೇ ಪಾವು, ಒಂದೇ ಮಟ್ಟ, ತೂಕ ಮಾತ್ರ ಹತ್ತು ಪಟ್ಟು ವ್ಯತ್ಯಾಸ. ನಮ್ಮೂರಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡೋದು ಯಾಕೆ ಅಂತ ಆವತ್ತು ಚೆನ್ನಾಗಿ ಅರ್ಥವಾಯಿತು. ಬೆಣ್ಣೆ ದೋಸೆ ಹಿಟ್ಟಿಗೆ ಈಗಲೂ ಪಾವೇ ಸಾಕು, ಅಕ್ಕಿ, ಉದ್ದು, ಮಂಡಕ್ಕಿ ಎಲ್ಲವನ್ನೂ ಅದೇ ಪಾವಿನಲ್ಲಿ ಅಳೆದರೆ ಪ್ರಮಾಣ ತಪ್ಪೋದಿಲ್ಲ. ತೊಂದರೆ ಬರೋದು ಬೇರೆ ಊರಿನವರ ಕಪ್ಪನ್ನು ನಮ್ಮ ಪಾವು ಅಂದುಕೊಂಡಾಗ.

ಬೆಣ್ಣೆಗಂತೂ ತಕ್ಕಡಿಯೇ ಬೇಕು. ಗಟ್ಟಿ ಬೆಣ್ಣೆಯನ್ನು ಕಪ್ಪಿಗೆ ಒತ್ತಿ ತುಂಬೋದು, ಆಮೇಲೆ ಕೆರೆದು ತೆಗೆಯೋದು, ಯಾಕೆ ಆ ಕಷ್ಟ? ಅಮೆರಿಕದ ಒಂದು ಕಪ್ ಬೆಣ್ಣೆ ಅಂದ್ರೆ 227 ಗ್ರಾಂ. ಬಟ್ಟಲು ಇಟ್ಟು ಟೇರ್ ಬಟನ್ ಒತ್ತಿ, ಸೊನ್ನೆ ಬರುತ್ತದೆ, ಬೆಣ್ಣೆ ಹಾಕಿ, ಮತ್ತೆ ಒತ್ತಿ ಸಕ್ಕರೆ ಹಾಕಿ. ತೊಳೆಯೋಕೆ ಒಂದೇ ಪಾತ್ರೆ.

ಈಗ ದೂರು. ಇದರಲ್ಲಿ ಮಿಲಿ ಅಂತ ಒಂದು ಬಟನ್ ಇದೆ, ಅದನ್ನು ನಂಬಬೇಡಿ. ತಕ್ಕಡಿಗೆ ಪಾತ್ರೆಯಲ್ಲಿ ಏನಿದೆ ಅಂತ ಗೊತ್ತಾಗೋದಿಲ್ಲ, ಎಲ್ಲವನ್ನೂ ನೀರು ಅಂತಲೇ ಲೆಕ್ಕ ಹಾಕುತ್ತದೆ. 100 ಮಿಲಿ ಎಣ್ಣೆ ಅಳೆದು ಸುರಿದೆ, 91 ತೋರಿಸಿತು. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಬರೆದಿರೋದನ್ನು ನೋಡಿರ್ತೀರಿ ಅಲ್ವಾ? ಜೇನುತುಪ್ಪದಲ್ಲಿ ಇದು ಉಲ್ಟಾ, ಒಂದು ಕಪ್ 340 ಗ್ರಾಂವರೆಗೆ ತೂಗುತ್ತದೆ. ಇದನ್ನು ಡಬ್ಬದ ಮೇಲೆ ಒಂದು ಸಾಲಿನಲ್ಲಿ ಬರೆಯಬಹುದಿತ್ತು.

ಎರಡನೆಯದು, ಸಣ್ಣ ತೂಕ. ಯೀಸ್ಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಅಂಕಿ ಅಲ್ಲಾಡೋದೇ ಇಲ್ಲ. ಯೀಸ್ಟ್, ಉಪ್ಪು, ಸೋಡಾಕ್ಕೆ 5 ಮಿಲಿ ಚಮಚವನ್ನೇ ಇಟ್ಟುಕೊಂಡಿದ್ದೇನೆ. ಎರಡು ನಿಮಿಷ ಸುಮ್ನೆ ಬಿಟ್ಟರೆ ಆಫ್ ಆಗುತ್ತದೆ, ಹಿಟ್ಟು ಜರಡಿ ಹಿಡಿಯುವಾಗ ಎರಡು ಸಲ ಲೆಕ್ಕ ಕಳೆದುಹೋಯಿತು.

ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಂಗಡಿಯವರು ಸೆಲ್ ಹಾಕಿ, ತೂಗಿ ತೋರಿಸಿಯೇ ಕೊಟ್ಟರು. ಕಳೆದ ವಾರ ಅದೇ ಕೇಕನ್ನು 245 ಗ್ರಾಂ ಮೈದಾದಲ್ಲಿ ಮಾಡಿದೆ. ಮಗಳು ಎರಡನೇ ತುಂಡು ಕೇಳಿದಳು.