ಮೈಸೂರು ಪಾಲಿಕೆಗೆ ಯಾರು: ಮಾಜಿ ಸದಸ್ಯರೋ, ಬಡಾವಣೆ ಸಂಘದ ಹೊಸಬರೋ?

2018ರಲ್ಲಿ 65 ವಾರ್ಡುಗಳಿಗೆ ಚುನಾವಣೆ ಕಂಡ ಮೈಸೂರು ಮಹಾನಗರ ಪಾಲಿಕೆಗೆ ಸ್ಪರ್ಧಿಸುವವರಲ್ಲಿ ಮುಖ್ಯವಾಗಿ ಎರಡು ಬಗೆಯವರನ್ನು ಕಾಣಬಹುದು: ಒಮ್ಮೆ ಗೆದ್ದಿದ್ದ ಮಾಜಿ ಸದಸ್ಯರು ಮತ್ತು ನಿವಾಸಿಗಳ ಸಂಘದಿಂದ ಬಂದ ಹೊಸಬರು. ಮಾಜಿಗಳಿಗೆ ಸ್ಥಾಯಿ ಸಮಿತಿಗಳ ನಡಾವಳಿಯೂ, ನೀರಿನ ಸಂಪರ್ಕದ ಕಡತ ಯಾರ ಮೇಜಿನಲ್ಲಿ ನಿಲ್ಲುತ್ತದೆಂಬುದೂ ಗೊತ್ತಿರುತ್ತದೆ. ಆದರೆ ಅವರ ಆದ್ಯತೆಯನ್ನು ಕರಪತ್ರದಿಂದಲ್ಲ, ಹಿಂದಿನ ಅವಧಿಯಲ್ಲಿ ವಾರ್ಡಿನ ಅನುದಾನ ಒಳಚರಂಡಿಗೆ ಹೋಯಿತೋ, ಚೆನ್ನಾಗಿದ್ದ ರಸ್ತೆಗೇ ಮತ್ತೆ ಡಾಂಬರು ಹಾಕಲು ಹೋಯಿತೋ ಎಂಬುದರಿಂದ ಅಳೆಯಬೇಕು. ಹೊಸಬರು ಕಸ ವಿಂಗಡಣೆಯ ಬಗ್ಗೆ ಖಚಿತವಾಗಿ ಮಾತನಾಡುತ್ತಾರೆ, ಆದರೆ ತಮ್ಮ ಬಡಾವಣೆಯಾಚೆಗಿನ ಕೊಳೆಗೇರಿಯ ನಲ್ಲಿಯನ್ನು ಕಂಡಿದ್ದಾರೆಯೇ ಎಂದು ಕೇಳಬೇಕು. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಇಬ್ಬರ ಪ್ರಮಾಣಪತ್ರದಲ್ಲೂ ಸಿಗುತ್ತದೆ. ವಿದ್ಯಾರಣ್ಯಪುರಂನ ಸೂಯೆಜ್ ಫಾರಂನ ಕಸದ ರಾಶಿಯ ಬಗ್ಗೆ ಉತ್ತರವಿಲ್ಲದವರಿಗೆ, ಅವರು ಯಾವ ಬಗೆಯವರಾದರೂ, ನಾನಂತೂ ಮತ ಹಾಕಲಾರೆ.